ಪರದೆಯ ಹಿಂದಿನ ಕೆಲಸಕ್ಕೆ ಬೈಲಹೊಂಗಲದಿಂದ ದಾರಿ ಯಾವುದು?

ಪ್ರಶ್ನೆ: ನಾನು ಬಿ.ಎ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಸೋದರಮಾವನದು ಬೈಲಹೊಂಗಲದಲ್ಲಿ ಫೋಟೋ ಸ್ಟುಡಿಯೋ ಇದೆ. ರಜೆಯಲ್ಲಿ ಅಲ್ಲಿ ಮದುವೆ ವಿಡಿಯೋಗಳ ಎಡಿಟಿಂಗ್ ನಾನೇ ಮಾಡುತ್ತೇನೆ. ಸಿನಿಮಾ ಇಲ್ಲವೆ ಧಾರಾವಾಹಿಯಲ್ಲಿ ಕೆಲಸ ಮಾಡಬೇಕೆಂಬ ಆಸೆ ಇದೆ. ನಟಿಯಾಗುವ ಆಸೆ ಇಲ್ಲ. ಮನೆಯಲ್ಲಿ ಹೇಳಿದರೆ 'ಅದೆಲ್ಲಾ ನಮ್ಮಂಥವರಿಗಲ್ಲ, ಬಿ.ಇಡಿ. ಮಾಡು' ಅನ್ನುತ್ತಾರೆ. ಮೊನ್ನೆ ಫೋನಿನಲ್ಲಿ ಒಬ್ಬರು, ಹದಿನೈದು ಸಾವಿರ ನೋಂದಣಿ ಶುಲ್ಕ ಕಟ್ಟಿದರೆ ಧಾರಾವಾಹಿಯೊಂದರಲ್ಲಿ ಕೆಲಸ ಕೊಡಿಸುತ್ತೇವೆ ಎಂದರು. ನಮ್ಮ ಊರಿನಿಂದ ಈ ಉದ್ಯಮಕ್ಕೆ ನಿಜವಾದ ದಾರಿ ಇದೆಯೇ? ಅದರಿಂದ ಜೀವನ ನಡೆಯುತ್ತದೆಯೇ?
ಓದುಗರೊಬ್ಬರು, ಬೈಲಹೊಂಗಲ

ಉತ್ತರ: ತಂಗಿ, ಮೊದಲು ಆ ಹದಿನೈದು ಸಾವಿರದ ಮಾತು ಮುಗಿಸೋಣ. ಒಂದು ರೂಪಾಯಿಯನ್ನೂ ಕಟ್ಟಬೇಡಿ. ದುಡಿಸಿಕೊಳ್ಳುವವರು ನಿಮಗೆ ಹಣ ಕೊಡಬೇಕು. ನಿಮ್ಮಿಂದಲೇ ಕೇಳುವವರ ಹತ್ತಿರ ಕೊಡಲು ಕೆಲಸ ಇರುವುದಿಲ್ಲ. ಅವರು ಮತ್ತೆ ಫೋನ್ ಮಾಡಿದರೆ ಧಾರಾವಾಹಿಯ ಹೆಸರು, ನಿರ್ಮಾಣ ಸಂಸ್ಥೆಯ ಹೆಸರು, ವಾಹಿನಿಯ ಹೆಸರು ಮೂರನ್ನೂ ಕೇಳಿ. ಸಿನಿಮಾದವರಿಗೆ ಬೆಂಗಳೂರಿನಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಇದೆ, ಕಿರುತೆರೆಯವರಿಗೆ ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್ ಇದೆ. ಅಲ್ಲಿ ವಿಚಾರಿಸಿದರೆ ಅಂಥದೊಂದು ಸಂಸ್ಥೆ ಇದೆಯೋ ಇಲ್ಲವೋ ತಿಳಿಯುತ್ತದೆ. ನಿಮ್ಮ ಗೆಳತಿಯರಲ್ಲಿ ಯಾರಾದರೂ ಈಗಾಗಲೇ ಕಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಲಿ. ಹಣದ ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ ಅದು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು 'ನಮ್ಮಂಥವರಿಗಲ್ಲ' ಎಂಬ ಮಾತು. ಮನೆಯವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಸೀಮೆಯ ಮಟ್ಟಿಗೆ ಆ ಮಾತು ನಿಜವಲ್ಲ.

ನಿಮ್ಮ ಪಕ್ಕದ ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಹುಡುಗನಿದ್ದಾಗಲೇ ನಾಟಕ ಕಂಪನಿ ಸೇರಿದರು. ಸ್ತ್ರೀಪಾತ್ರಗಳಲ್ಲಿ ಹೆಸರು ಮಾಡಿದರು. ಮುಂದೆ ಕಲಾವೈಭವ ನಾಟ್ಯ ಸಂಘ ಕಟ್ಟಿ ಊರೂರಿಗೆ ನಾಟಕ ಒಯ್ದರು. 2017ರ ಆಗಸ್ಟ್ 18ರಂದು ತೀರಿಕೊಂಡಾಗ ಅವರಿಗೆ 103 ವರ್ಷ. ಅವರ ಮಗ ಏಣಗಿ ನಟರಾಜ ರಂಗಭೂಮಿಯಿಂದ ಕಿರುತೆರೆಗೂ ಸಿನಿಮಾಕ್ಕೂ ಬಂದರು. ಜನ ಇಂದಿಗೂ ನೆನೆಯುವುದು ಬಾಳಪ್ಪನವರ ಬಸವಣ್ಣನ ಪಾತ್ರವನ್ನು. ನಿಮ್ಮಂಥವರು ನೋಡಬೇಕಾದದ್ದು ಆ ಪಾತ್ರದ ಸುತ್ತ ಇದ್ದ ಮಂದಿಯನ್ನು. ಪೇಟಿ ಮಾಸ್ತರ, ತಬಲಾದವ, ಪರದೆ ಬರೆಯುವವ, ಬಣ್ಣ ಹಚ್ಚುವವ, ಲೈಟಿನವ, ಅಡುಗೆಯವ, ಗೇಟಿನಲ್ಲಿ ಟಿಕೆಟ್ ಹರಿಯುವವ, ಮುಂದಿನ ಕ್ಯಾಂಪಿಗೆ ಜಾಗ ಗೊತ್ತುಮಾಡುವ ಮ್ಯಾನೇಜರ. ಕಂಪನಿ ನಾಟಕವೆಂದರೆ ಇಷ್ಟೂ ಜನರ ಹೊಟ್ಟೆಪಾಡು. ನಿಮ್ಮ ಜಿಲ್ಲೆಯ ರಾಮದುರ್ಗದಿಂದ ಬಹಳ ದೂರವೇನಿಲ್ಲದ ಬಾದಾಮಿಯ ಬನಶಂಕರಿ ಜಾತ್ರೆಗೆ ಈಗಲೂ ಹೋಗಿ ನೋಡಿ. ಸಾಲುಸಾಲಾಗಿ ಕಂಪನಿಗಳು ಡೇರೆ ಹಾಕಿರುತ್ತವೆ, ಹಿಂದಿನ ಬಾಗಿಲಲ್ಲಿ ಇದೇ ಮಂದಿ ದುಡಿಯುತ್ತಿರುತ್ತಾರೆ. ಸಿನಿಮಾ ಸೆಟ್ಟಿನಲ್ಲಿ ಇವರದೇ ಕೆಲಸಗಳು ಬೇರೆ ಹೆಸರು ಹೊತ್ತು ನಿಂತಿವೆ, ಅಷ್ಟೆ.

ನಿಮ್ಮ ಬೈಲಹೊಂಗಲದ್ದೇ ಕಥೆ 'ಸಂಗ್ಯಾ ಬಾಳ್ಯಾ'. ಊರಲ್ಲಿ ನಡೆದ ಕೊಲೆಯೊಂದನ್ನು ಪತ್ತಾರ ಮಾಸ್ತರರು ಸಣ್ಣಾಟ ಮಾಡಿದರು. ಅದು ಹಳ್ಳಿಯ ಅಟ್ಟದಿಂದ ಆಧುನಿಕ ರಂಗಭೂಮಿಗೆ ಏರಿತು, ಸಿನಿಮಾ ಕೂಡ ಆಯಿತು. ಗೆಳೆತನ, ಗಂಗಿ ಎಂಬ ಹೆಣ್ಣು, ಸಂಶಯ, ಕೊಲೆ: ಇಷ್ಟನ್ನು ಎಲ್ಲಿ ಹಿಡಿದಿಡಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕ ಆ ಮಾಸ್ತರರಿಗೆ ಚೆನ್ನಾಗಿ ಗೊತ್ತಿತ್ತು. ಎಡಿಟರ್ ಆಗಬೇಕೆಂದಿರುವ ನೀವು ಆ ಆಟವನ್ನು ರಾತ್ರಿಯಿಡೀ ಕುಳಿತು ಒಮ್ಮೆ ನೋಡಬೇಕು.

ಹಳೆಯ ಮಾತನ್ನೂ ಸ್ವಲ್ಪ ನೋಡಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಬೆಳಗಾವಿಯಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕೊಲ್ಹಾಪುರದಲ್ಲಿ. ಆಗ ಬೆಂಗಳೂರಿನವರು ಕೆಲಸ ಹುಡುಕಿಕೊಂಡು ನಿಮ್ಮ ಕಡೆಗೆ ಬಂದಿದ್ದರು. ಮುಂದೆ ಕನ್ನಡ ಸಿನಿಮಾ ಮದರಾಸಿಗೆ ಹೋಯಿತು, ಅಲ್ಲಿಂದ ಬೆಂಗಳೂರಿಗೆ ಬಂತು. ಉದ್ಯಮ ಜಾಗ ಬದಲಿಸಿದಾಗೆಲ್ಲ ಕೆಲಸ ಬಲ್ಲವರು ಅದರ ಹಿಂದೆ ನಡೆದಿದ್ದಾರೆ.

1961ರ 'ಕಿತ್ತೂರು ಚೆನ್ನಮ್ಮ' ಚಿತ್ರವನ್ನು ನೀವು ಟಿ.ವಿ.ಯಲ್ಲಾದರೂ ನೋಡಿರುತ್ತೀರಿ. ಬಿ. ಸರೋಜಾದೇವಿ ಚೆನ್ನಮ್ಮ, ರಾಜಕುಮಾರ್ ಮಲ್ಲಸರ್ಜ, ನಿರ್ದೇಶಕ ಬಿ.ಆರ್. ಪಂತುಲು. ಈ ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ ಕ್ಯಾಮೆರಾ ಹಿಡಿದರು. ಛಾಯಾಗ್ರಾಹಕ ಅಶೋಕ್ ಕುಮಾರ್ ಅವರ ಬಳಿ ಸಹಾಯಕಿಯಾಗಿ ದುಡಿದು, 1985ರಲ್ಲಿ 'ಚಿನ್ನ ವೀಡು' ಎಂಬ ತಮಿಳು ಚಿತ್ರದಿಂದ ಸ್ವತಂತ್ರ ಛಾಯಾಗ್ರಾಹಕಿಯಾದರು. ನಮ್ಮ ದೇಶದಲ್ಲಿ ಆ ಕೆಲಸಕ್ಕೆ ನಿಂತ ಮೊದಲ ಹೆಣ್ಣುಮಕ್ಕಳಲ್ಲಿ ಅವರೊಬ್ಬರು. ದೊಡ್ಡ ನಿರ್ದೇಶಕರ ಮಗಳಾಗಿದ್ದೂ ಅವರು ಇನ್ನೊಬ್ಬರ ಕೈಕೆಳಗೆ ಕೆಲಸ ಕಲಿತರು ಎಂಬುದನ್ನು ಗಮನಿಸಿ. ಮನೆಯಲ್ಲಿ ಹೆಸರು ಹೇಳಬೇಕಾದರೆ ಈ ಹೆಸರು ಹೇಳಿ.

ಈಗ ಕೆಲಸದ ವಿಷಯ. ನೀವು ಸಂಜೆ ನೋಡುವ ಧಾರಾವಾಹಿಯ ಒಂದು ಕಂತು ಅರ್ಧ ಗಂಟೆಯದು. ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತು, ಇಪ್ಪತ್ತೆರಡು ನಿಮಿಷ. ವಾರಕ್ಕೆ ಐದಾರು ಕಂತು ಬೇಕು. ಹಾಗಾಗಿ ದಿನಕ್ಕೆ ಹೆಚ್ಚುಕಡಿಮೆ ಒಂದು ಕಂತಿನಷ್ಟು ಚಿತ್ರೀಕರಣ ಆಗಲೇಬೇಕು, ಒಂದಷ್ಟು ಕಂತುಗಳು ಮುಂಗಡವಾಗಿ ಸಿದ್ಧವಿರಲೇಬೇಕು. ಕಥೆಯ ತಂಡ ಮುಂದಿನ ವಾರಗಳ ಓಟ ಗೊತ್ತುಮಾಡುತ್ತದೆ, ವಾಹಿನಿಯವರು ಅದನ್ನು ಒಪ್ಪಬೇಕು. ಚಿತ್ರಕಥೆ ಬರೆಯುವವರು ಒಬ್ಬರು, ಸಂಭಾಷಣೆ ಬರೆಯುವವರು ಇನ್ನೊಬ್ಬರು. ನಾಳೆ ಬೆಳಗ್ಗೆ ಶೂಟ್ ಆಗುವ ದೃಶ್ಯದ ಮಾತು ಇಂದು ರಾತ್ರಿ ವಾಟ್ಸಾಪಿನಲ್ಲಿ ಬರುವುದೂ ಉಂಟು. ಪ್ರಧಾನ ನಿರ್ದೇಶಕರ ಕೆಳಗೆ ಸಂಚಿಕೆ ನಿರ್ದೇಶಕರು, ಅವರ ಕೆಳಗೆ ಸಹಾಯಕರು. ಹೊಸಬರು ಸೇರುವುದು ಇಲ್ಲಿಗೆ. ಕ್ಲಾಪ್ ಹಿಡಿಯುವುದು, ಕಲಾವಿದರಿಗೆ ಮಾತು ಹೇಳಿಕೊಡುವುದು, ಕಂಟಿನ್ಯುಟಿ ನೋಡಿಕೊಳ್ಳುವುದು. ಈ ಕಂಟಿನ್ಯುಟಿ ಬಹಳ ಸೂಕ್ಷ್ಮದ ಕೆಲಸ. ಸೊಸೆ ಅಡುಗೆಮನೆಯಿಂದ ಹೊರಬರುವ ದೃಶ್ಯ ಸೋಮವಾರ ತೆಗೆದದ್ದು, ಪಡಸಾಲೆಗೆ ಕಾಲಿಡುವುದು ಗುರುವಾರ ತೆಗೆದದ್ದು. ನಡುವೆ ಕೈಬಳೆಯ ಬಣ್ಣ ಬದಲಾದರೆ ಊರಿಗೆ ಊರೇ ಕಂಡುಹಿಡಿಯುತ್ತದೆ.

ಆಮೇಲೆ ನಿಮ್ಮ ಸರದಿ. ಸಂಜೆ ಕ್ಯಾಮೆರಾದ ಮೆಮೊರಿ ಕಾರ್ಡುಗಳು ಬರುತ್ತವೆ, ಡೇಟಾ ಇಳಿಸಿ ಎರಡು ಕಡೆ ಕಾಪಿ ಮಾಡಬೇಕು, ಹೆಸರಿಟ್ಟು ಜೋಡಿಸಬೇಕು. ಎರಡು ಮೂರು ಕ್ಯಾಮೆರಾಗಳ ದೃಶ್ಯವನ್ನು ಧ್ವನಿಗೆ ಹೊಂದಿಸಬೇಕು. ಎಡಿಟರ್ ಕತ್ತರಿಸುತ್ತಾರೆ, ಹಿನ್ನೆಲೆ ಸಂಗೀತ ಸೇರುತ್ತದೆ, ಬಣ್ಣ ತಿದ್ದುತ್ತಾರೆ, ವಾಹಿನಿಯ ಟಿಪ್ಪಣಿ ಬರುತ್ತದೆ, ಮತ್ತೆ ಕತ್ತರಿಸುತ್ತಾರೆ. ಮೂವತ್ತು ಸೆಕೆಂಡಿನ ಪ್ರೋಮೊ ಕತ್ತರಿಸುವವರು ಬೇರೆಯೇ ಇರುತ್ತಾರೆ. ಇದರಲ್ಲಿ ಅರ್ಧ ಕೆಲಸ ನಿಮಗೆ ಈಗಾಗಲೇ ಬರುತ್ತದೆ. ಮದುವೆಯ ನೂರಾರು ಕ್ಲಿಪ್ಪುಗಳಲ್ಲಿ ಅಕ್ಷತೆಯ ಆ ಒಂದು ಗಳಿಗೆಯನ್ನು ಕಳೆದುಕೊಳ್ಳದೆ ತೆಗೆದಿಡುವ ಶಿಸ್ತು ಸಣ್ಣದಲ್ಲ. ನಿಮಗೆ ಬಾರದಿರುವುದು ಮಾತಿರುವ ದೃಶ್ಯವನ್ನು ಕತ್ತರಿಸುವುದು. ಯಾರು ಮಾತಾಡುತ್ತಿದ್ದಾರೋ ಅವರ ಮುಖವನ್ನೇ ತೋರಿಸಬೇಕೆಂದಿಲ್ಲ. ಕೇಳುತ್ತಿರುವವರ ಮುಖ ಎಷ್ಟು ಹೊತ್ತು ಇರಬೇಕು, ಮೌನ ಎಲ್ಲಿಗೆ ಮುಗಿಯಬೇಕು ಎಂಬುದು ಹಾಡಿನ ತಾಳಕ್ಕೆ ಕತ್ತರಿಸುವುದರಿಂದ ಬರುವುದಿಲ್ಲ. ಅದನ್ನು ಕಲಿಯಬೇಕು, ಕಲಿಯಲು ಬರುತ್ತದೆ.

ನಿಮ್ಮ ಹತ್ತಿರ ಇನ್ನೊಂದು ಬಂಡವಾಳವಿದೆ, ನಿಮಗೆ ಅದರ ಬೆಲೆ ಗೊತ್ತಿದ್ದಂತಿಲ್ಲ. ಅದು ನಿಮ್ಮ ಮಾತು. ಈಟಿವಿ ಕನ್ನಡದಲ್ಲಿ ವೈಶಾಲಿ ಕಾಸರವಳ್ಳಿ 'ಮೂಡಲ ಮನೆ' ಧಾರಾವಾಹಿ ಮಾಡಿದಾಗ ಉತ್ತರ ಕರ್ನಾಟಕದ ಮನೆಮಾತು ಇಡೀ ನಾಡಿನ ಪಡಸಾಲೆಗೆ ಬಂತು, ಜನ ಮೆಚ್ಚಿ ನೋಡಿದರು. ಟಿ.ಎಸ್. ನಾಗಾಭರಣರ 'ನಾಗಮಂಡಲ' ಚಿತ್ರಕ್ಕೆ ಮಾತು ಮತ್ತು ಹಾಡು ಬರೆದವರು ನಿಮ್ಮ ಕಡೆಯ ಪತ್ರಕರ್ತ, ರಂಗಕರ್ಮಿ ಗೋಪಾಲ ವಾಜಪೇಯಿ. ಆ ಮಾತಿನ ಹದ ಹೊರಗಿನವರಿಗೆ ಸಿಗುವಂಥದ್ದಲ್ಲ. ಈಗಲೂ ಎಷ್ಟೋ ಧಾರಾವಾಹಿಗಳಲ್ಲಿ ಪ್ರತಿ ವಾಕ್ಯದ ಕೊನೆಗೆ ಒಂದು 'ರೀ' ಸೇರಿಸಿ ಧಾರವಾಡದ ಮಾತು ಎನ್ನುತ್ತಾರೆ. ಬೈಲಹೊಂಗಲದ ಅತ್ತೆ ಮಾತಾಡುವ ರೀತಿಗೂ ಇದಕ್ಕೂ ಸಂಬಂಧವಿರುವುದಿಲ್ಲ. ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಎಡಿಟಿಂಗ್ ಬಲ್ಲ, ಮಾತಿನ ತಪ್ಪನ್ನು ಕಿವಿಯಲ್ಲೇ ಹಿಡಿಯಬಲ್ಲ ಸಹಾಯಕಿ ಅಂಥ ತಂಡಕ್ಕೆ ಬೇಕೇ ಬೇಕು. ಡಬ್ಬಿಂಗಿನ ಕಡೆಯಲ್ಲೂ ಅವಕಾಶವಿದೆ. ಕನ್ನಡಕ್ಕೆ ಬೇರೆ ಭಾಷೆಯ ಚಿತ್ರ ಡಬ್ ಮಾಡಲು ದಶಕಗಳ ಕಾಲ ಇದ್ದ ತಡೆ, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ತೀರ್ಪಿನ ನಂತರ ಸಡಿಲಾಯಿತು. ಅಲ್ಲಿಂದ ತುಟಿಚಲನೆಗೆ ಹೊಂದುವಂತೆ ಕನ್ನಡ ಬರೆಯುವವರಿಗೂ ದನಿ ಕೊಡುವವರಿಗೂ ಹೊಸ ಕೆಲಸ ಹುಟ್ಟಿಕೊಂಡಿದೆ. ಬರೆಯುವ ಕೈ ಇದ್ದರೆ ಇದನ್ನು ಮರೆಯಬೇಡಿ.

ವೈಶಾಲಿ ಅವರ ಹೆಸರು ಬಂದದ್ದರಿಂದ ಒಂದು ಮಾತು. ರಂ.ಶಾ. ಲೋಕಾಪುರರ ಕಾದಂಬರಿ ಆಧರಿಸಿ ಗಿರೀಶ ಕಾಸರವಳ್ಳಿ 1997ರಲ್ಲಿ ತೆಗೆದ 'ತಾಯಿ ಸಾಹೇಬ' ನಿಮ್ಮ ಸೀಮೆಯಂಥ ವಾಡೆಯ ಬದುಕಿನ ಕಥೆ. ಅದಕ್ಕೆ ಸ್ವರ್ಣಕಮಲ ಬಂತು. ಜೊತೆಗೆ ವಸ್ತ್ರವಿನ್ಯಾಸದ ರಾಷ್ಟ್ರಪ್ರಶಸ್ತಿ ವೈಶಾಲಿ ಅವರಿಗೂ, ಕಲಾ ನಿರ್ದೇಶನದ್ದು ರಮೇಶ ದೇಸಾಯಿ ಅವರಿಗೂ ಬಂತು. ಯಾವ ಮನೆತನದ ಹೆಂಗಸು ಯಾವ ಸೀರೆ ಹೇಗೆ ಉಡುತ್ತಾಳೆ, ವಾಡೆಯ ಕಟ್ಟೆಯ ಮೇಲೆ ಯಾವ ಸಾಮಾನು ಇರುತ್ತದೆ ಎಂಬ ತಿಳಿವಳಿಕೆಗೆ ದೇಶ ಕೊಟ್ಟ ಗೌರವ ಅದು. ಶಿರಸಂಗಿಯ ದೇಸಾಯರ ವಾಡೆ, ರಾಮದುರ್ಗದ ಮಗ್ಗಗಳು, ಯಲ್ಲಮ್ಮನ ಗುಡ್ಡದ ಚೌಡಿಕೆ ನಿಮಗೆ ದಿನನಿತ್ಯದ ನೋಟ. ಬೆಂಗಳೂರಿನ ತಂಡವೊಂದು ಇವನ್ನು ಹುಡುಕಿಕೊಂಡು ಬರುವಾಗ ಜಾಗ ತೋರಿಸಿ, ಪುರಾತತ್ವ ಇಲಾಖೆಯ, ಪಂಚಾಯ್ತಿಯ ಅನುಮತಿ ಕೊಡಿಸಿ, ಊಟ ವಸತಿ ಹೊಂದಿಸಿಕೊಡುವವರು ಬೇಕಾಗುತ್ತಾರೆ. ಅದೂ ಹಣ ಸಿಗುವ ಕೆಲಸವೇ.

ಜೀವನ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ನಡೆಯುತ್ತದೆ, ಆದರೆ ಮೊದಲ ಎರಡು ಮೂರು ವರ್ಷ ಬಹಳ ಬಿಗಿ. ಸಹಾಯಕರಿಗೆ ಸಿಗುವುದು ಕಡಿಮೆ, ಬೆಂಗಳೂರಿನ ಬಾಡಿಗೆ ಜಾಸ್ತಿ. ತಿಂಗಳ ಸಂಬಳದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಿನಿಮಾದಲ್ಲಾದರೆ ಒಂದು ಚಿತ್ರ ಮುಗಿದು ಇನ್ನೊಂದು ಸಿಗುವ ತನಕ ಕೈ ಖಾಲಿ. ಧಾರಾವಾಹಿಯಲ್ಲಿ ಕೆಲಸ ಬಿಡುವಿಲ್ಲದೆ ಇರುತ್ತದೆ, ಆದರೆ ಟಿಆರ್‌ಪಿ ಬಿದ್ದರೆ ತಂಡಕ್ಕೆ ತಂಡವೇ ಮನೆಗೆ. ಮಾಡಿದ ಕೆಲಸದ ಹಣ ಕೈಸೇರಲು ತಿಂಗಳುಗಳೇ ಹಿಡಿಯುವುದುಂಟು. ಕಾಲ್‌ಶೀಟ್ ಕಾಗದದಲ್ಲಿ ಒಂದು ಹೊತ್ತು ಹೇಳುತ್ತದೆ, ಪ್ಯಾಕಪ್ ಇನ್ನೊಂದು ಹೊತ್ತಿಗಾಗುತ್ತದೆ. ಎಡಿಟಿಂಗ್ ಕೋಣೆಯಲ್ಲಿ ರಾತ್ರಿಪಾಳಿ ಸಾಮಾನ್ಯ. ಕಣ್ಣು, ಬೆನ್ನು, ನಿದ್ದೆ ಮೂರನ್ನೂ ಕಾಪಾಡಿಕೊಳ್ಳಬೇಕು. ಆದ್ದರಿಂದ ಸಿನಿಮಾ ಇಲ್ಲದ ತಿಂಗಳಲ್ಲೂ ಬೇರೆಯವರು ಹಣ ಕೊಟ್ಟು ಮಾಡಿಸುವಂಥ ಒಂದು ಕೆಲಸ ಕೈಯಲ್ಲಿರಲಿ. ನಿಮ್ಮ ಎಡಿಟಿಂಗ್ ಅಂಥದ್ದು. ಜಾಹೀರಾತು, ಸುದ್ದಿವಾಹಿನಿ, ಕಾಲೇಜುಗಳ ಪಾಠದ ವಿಡಿಯೋ, ಜಾನಪದ ಹಾಡಿನ ಯೂಟ್ಯೂಬ್ ಚಾನೆಲ್ಲು ಎಲ್ಲಕ್ಕೂ ಅದು ಬೇಕು. ಬೆಳಗಾವಿ, ಬಾಗಲಕೋಟೆ ಕಡೆ ಈ ಯೂಟ್ಯೂಬ್ ಹಾಡುಗಳದೇ ಒಂದು ಉದ್ಯಮ ಬೆಳೆದಿರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕರಾರಿನ ವಿಷಯದಲ್ಲಿ ಸಂಕೋಚ ಬೇಡ. ಸಿನಿಮಾ ಕೆಲಸಗಾರರ ಜೊತೆ ಲಿಖಿತ ಒಪ್ಪಂದ ಇರಬೇಕೆಂದು ಕೇಂದ್ರ ಸರ್ಕಾರ 1981ರಲ್ಲೇ ಕಾನೂನು ಮಾಡಿತ್ತು. ಹೀಗಿದ್ದೂ ಬಾಯಿಮಾತಿನ ಮೇಲೆ ವರ್ಷಗಟ್ಟಲೆ ದುಡಿದವರು ಎಷ್ಟೋ ಜನ. ಕೆಲಸ ಏನು, ಎಷ್ಟು ದಿನ, ಎಷ್ಟು ಹಣ, ಯಾವಾಗ, ಪರದೆಯ ಮೇಲೆ ಹೆಸರು ಹೇಗೆ ಎಂದು ಕನಿಷ್ಠ ಒಂದು ಇಮೇಲಿನಲ್ಲಾದರೂ ಬರೆಸಿಕೊಳ್ಳಿ. ಕರ್ನಾಟಕದಲ್ಲಿ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ ಕಾಯ್ದೆ ಆಗಿದೆ. ಟಿಕೆಟ್ ಮತ್ತು ಒಟಿಟಿ ಚಂದಾ ಹಣದ ಮೇಲೆ ಶೇ 2 ಮೀರದ ಸೆಸ್ ಹಾಕಿ, ಅದರಿಂದ ನಿಧಿ ಕಟ್ಟಿ, ನೋಂದಾಯಿತ ಕಾರ್ಯಕರ್ತರಿಗೆ ನೆರವಾಗುವ ಏರ್ಪಾಡು ಅದರಲ್ಲಿದೆ. ಕೆಲಸ ಶುರುವಾದ ಕೂಡಲೇ ನೋಂದಣಿಯ ಬಗ್ಗೆ ಕೇಳಿ. ನಿಮ್ಮ ವಿಭಾಗದ ಸಂಘದ ಕಾರ್ಡನ್ನೂ ಮುಂದೆ ಮಾಡಿಸಿಕೊಳ್ಳಬೇಕಾಗುತ್ತದೆ.

ಸುರಕ್ಷತೆಯ ಬಗ್ಗೆ ಮನೆಯವರ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. 2016ರ ನವೆಂಬರಿನಲ್ಲಿ 'ಮಾಸ್ತಿಗುಡಿ' ಚಿತ್ರೀಕರಣದ ವೇಳೆ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಜಿಗಿದ ಇಬ್ಬರು ನಟರು ಮುಳುಗಿ ಸತ್ತರು. ಇಂಥ ಸಾವು ಮತ್ತೆ ಆಗಬಾರದು. ಹೆಣ್ಣುಮಕ್ಕಳ ವಿಷಯದಲ್ಲಿ, ಕೇರಳದ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ಕುರಿತ ಹೇಮಾ ಸಮಿತಿಯ ವರದಿ 2024ರಲ್ಲಿ ಹೊರಬಂದ ಮೇಲೆ, ಕನ್ನಡ ಚಿತ್ರರಂಗದವರೇ 'ಫೈರ್' ಎಂಬ ಸಂಘಟನೆಯ ಮೂಲಕ ಇಲ್ಲಿಯೂ ಅಂಥ ಸಮಿತಿ ಬೇಕೆಂದು ಸರ್ಕಾರವನ್ನು ಕೇಳಿದರು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕೆಂಬುದು 2013ರ ಕಾಯ್ದೆ. ಕೆಲಸಕ್ಕೆ ಸೇರುವ ದಿನವೇ 'ನಿಮ್ಮಲ್ಲಿ ಸಮಿತಿ ಇದೆಯೇ, ರಾತ್ರಿ ಮನೆಗೆ ಬಿಡಲು ಗಾಡಿ ಇದೆಯೇ' ಎಂದು ಕೇಳುವುದು ನಿಮ್ಮ ಹಕ್ಕು. ಉತ್ತರ ಕೊಡಲು ಮುಖ ಸಿಂಡರಿಸುವ ಸಂಸ್ಥೆಯಲ್ಲಿ ಸೇರಬೇಡಿ.

ಕಲಿಯುವುದು ಎಲ್ಲಿ? ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಅದರ ಬೇರು ಇರುವುದು ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ. ಗುರುದತ್ತರ 'ಕಾಗಜ್ ಕೆ ಫೂಲ್' ಚಿತ್ರೀಕರಿಸಿದ ಮೈಸೂರಿನ ವಿ.ಕೆ. ಮೂರ್ತಿ ಕಲಿತದ್ದು ಅಲ್ಲಿ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಗೋವಿಂದ ನಿಹಲಾನಿ ಕೂಡ ಅಲ್ಲಿಯೇ ಓದಿದವರು. ಆ ಸಂಸ್ಥೆ ಹೆಸರಾದದ್ದು ಛಾಯಾಗ್ರಹಣ ಮತ್ತು ಧ್ವನಿಗ್ರಹಣದ ಡಿಪ್ಲೊಮಾಗಳಿಗೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ನಿಮ್ಮ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಹೇಳಿ. ನಟನೆಯ ಕಡೆ ಒಲವಿದ್ದವರಿಗೆ ಹೆಗ್ಗೋಡಿನ ನೀನಾಸಮ್ ಇದೆ. ಅಚ್ಯುತ ಕುಮಾರ್, ಸತೀಶ್ ನೀನಾಸಂ ಅಲ್ಲಿಂದ ಬಂದವರು. ಧಾರವಾಡದಲ್ಲಿ ರಂಗಾಯಣವೂ ಇದೆ, 1950ರಿಂದ ನಡೆದುಬಂದ ಆಕಾಶವಾಣಿಯೂ ಇದೆ. ಆಕಾಶವಾಣಿಯ ನಾಟಕ ವಿಭಾಗದ ಧ್ವನಿಪರೀಕ್ಷೆಯಲ್ಲಿ ಪಾಸಾದರೆ ಡಬ್ಬಿಂಗ್ ಸ್ಟುಡಿಯೋದಲ್ಲಿ ಅದೇ ಒಂದು ಅರ್ಹತಾಪತ್ರ.

ಹಣ ಕಿತ್ತುಕೊಂಡು ಮೂರು ತಿಂಗಳಲ್ಲಿ 'ನಿರ್ದೇಶಕ' ಮಾಡುವ ಖಾಸಗಿ ಕೋರ್ಸುಗಳ ಬಗ್ಗೆ ಎಚ್ಚರವಿರಲಿ. ಅಲ್ಲಿ ಹಿಂದೆ ಕಲಿತವರು ಈಗ ಎಲ್ಲಿ ದುಡಿಯುತ್ತಿದ್ದಾರೆ ಎಂದು ಕೇಳಿ, ಆ ಇಬ್ಬರು ಮೂವರ ಜೊತೆ ನೀವೇ ಮಾತಾಡಿ, ಆಮೇಲೆ ತೀರ್ಮಾನಿಸಿ.

ಅಲ್ಲಿಯ ತನಕ ಮಾವನ ಸ್ಟುಡಿಯೋದಲ್ಲೇ ನೀವು ಮಾಡಬಹುದಾದ್ದು ಬಹಳ ಇದೆ. ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿ ಸಿಗುತ್ತದೆ; ದೊಡ್ಡ ಸಿನಿಮಾಗಳ ಬಣ್ಣ ತಿದ್ದುವುದೂ ಅದರಲ್ಲೇ. ಐದಾರು ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಿ. ರಾಮದುರ್ಗ ಇಲ್ಲವೆ ಸುರೇಬಾನದ ನೇಕಾರರ ಮನೆಯೊಂದನ್ನು ತೆಗೆದುಕೊಳ್ಳಿ. ಹಿನ್ನೆಲೆಗೆ ಹಾಡು ಬೇಡ, ಮಗ್ಗದ ಸಪ್ಪಳ ಮತ್ತು ಮನೆಯವರ ಮಾತು ಸಾಕು. ಅವರನ್ನು ಕೇಳಿ, ಒಪ್ಪಿದರೆ ಮಾತ್ರ ಚಿತ್ರೀಕರಿಸಿ, ಮುಗಿದ ಮೇಲೆ ಮೊದಲು ಅವರಿಗೇ ತೋರಿಸಿ. ಯಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಹಾಡುವ ಹೆಣ್ಣುಮಕ್ಕಳನ್ನು ಚಿತ್ರೀಕರಿಸುವುದಾದರೆ ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ಹೆಣ್ಣುಮಕ್ಕಳನ್ನು ಕೇಳದೆ ಫೋಟೋ ತೆಗೆದು ನೋಯಿಸಿದವರು ಬಹಳ. ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದಲ್ಲಿ ಎಲ್‌ಇಡಿ ಪರದೆಗೆ ನಾಲ್ಕಾರು ಕ್ಯಾಮೆರಾಗಳ ದೃಶ್ಯವನ್ನು ನೇರವಾಗಿ ಮಿಕ್ಸ್ ಮಾಡುವ ತಂಡ ಬಂದಿರುತ್ತದೆ. ಮಾವನ ಪರಿಚಯದಿಂದ ಅವರ ಪಕ್ಕ ಕುಳಿತು ಕೇಬಲ್ ಸುತ್ತುವ ಕೆಲಸ ಸಿಕ್ಕರೂ ಸೇರಿಕೊಳ್ಳಿ. ರಿಯಾಲಿಟಿ ಶೋಗಳ ಕಂಟ್ರೋಲ್ ರೂಮಿನಲ್ಲಿ ನಡೆಯುವುದು ಇದೇ ಕೆಲಸ, ಸ್ವಲ್ಪ ದೊಡ್ಡದಾಗಿ.

ಉಳಿದದ್ದು ನಿಮ್ಮ ಬಿ.ಎ. ಅದನ್ನು ಅರ್ಧಕ್ಕೆ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಬೇಡಿ. ಪದವಿ ಕೈಯಲ್ಲಿದ್ದರೆ ಪುಣೆಯ ದಾರಿಯೂ ತೆರೆಯುತ್ತದೆ. ಅಲ್ಲಿಯ ಫಿಲ್ಮ್ ಇನ್‌ಸ್ಟಿಟ್ಯೂಟ್ 1960ರಲ್ಲಿ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಶುರುವಾದದ್ದು. ಗಿರೀಶ ಕಾಸರವಳ್ಳಿ ಕಲಿತದ್ದು ಅಲ್ಲಿಯೇ. ನಿಮಗೆ ಅದು ಬೆಂಗಳೂರಿಗಿಂತ ಹತ್ತಿರ. ಅಲ್ಲಿ ಚಿತ್ರಸಂಕಲನದ್ದೇ ಮೂರು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ, ಪ್ರವೇಶ ಪರೀಕ್ಷೆಗೆ ಯಾವುದೇ ವಿಷಯದ ಪದವಿ ಸಾಕು, ಮೀಸಲಾತಿಯೂ ಇದೆ. ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆಯಲ್ಲೂ ಇದೇ ವಿಭಾಗವಿದೆ. ಎರಡೂ ಸಂಸ್ಥೆಗಳ ಅಧಿಕೃತ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆ ಮತ್ತು ಶುಲ್ಕದ ವಿವರ ನೋಡಿ, ಮನೆಯವರ ಎದುರು ಇಟ್ಟು ಮಾತಾಡಿ. ಅರ್ಜಿ ತುಂಬುವಾಗ ಸಂದೇಹ ಬಂದರೆ, ಇಲ್ಲವೆ ನೇಕಾರರ ಚಿತ್ರ ಮುಗಿದರೆ, ಮತ್ತೆ ಬರೆಯಿರಿ.